ತಿಜೋರಿ ಕೊಳ್ಳುವ ಮುನ್ನ ಕೀಲಿ ಎಣಿಸಿ

2008ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ ವಿಚಿತ್ರ ಫಜೀತಿಗೆ ಸಿಕ್ಕಿತು. ಇಲಾಖೆಗಳ ಕಡತ, ನೌಕರರ ಸಂಬಳದ ಲೆಕ್ಕ, ಅಧಿಕಾರಿಗಳ ಇಮೇಲ್ ಎಲ್ಲವೂ ಓಡಾಡುತ್ತಿದ್ದ ಫೈಬರ್ ಜಾಲ ಎಂದಿನಂತೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅದರ ಅಡ್ಮಿನ್ ಪಾಸ್‌ವರ್ಡ್ ಇಡೀ ನಗರದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನು ಹೇಳಲು ಒಪ್ಪುತ್ತಿರಲಿಲ್ಲ. ಮೇಲಧಿಕಾರಿಗಳಿಗೆ ಈ ಜಾಲದ ತಲೆಬುಡ ಗೊತ್ತಿಲ್ಲ, ಅವರ ಕೈಗೆ ಕೊಟ್ಟರೆ ಕೆಡಿಸುತ್ತಾರೆ ಎಂಬುದು ಟೆರ್ರಿ ಚೈಲ್ಡ್ಸ್ ಎಂಬ ಆ ಎಂಜಿನಿಯರ್‌ನ ವಾದ. ಬಂಧಿಸಿದರು. 50 ಲಕ್ಷ ಡಾಲರ್ ಜಾಮೀನು ಕಟ್ಟಬೇಕೆಂದರು. ಆದರೂ ಬಾಯಿ ಬಿಡಲಿಲ್ಲ. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಖುದ್ದಾಗಿ ಜೈಲಿಗೆ ಹೋದಾಗ ಅವರಿಗಷ್ಟೇ ಹೇಳಿದ. 2010ರಲ್ಲಿ ಅವನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು.

ಈ ಕಥೆಯಲ್ಲಿ ಹ್ಯಾಕರ್ ಇಲ್ಲ, ವೈರಸ್ ಇಲ್ಲ, ಕದ್ದ ಹಣವೂ ಇಲ್ಲ. ಇರುವುದು ಒಂದು ಪಾಸ್‌ವರ್ಡ್ ಮತ್ತು ಅದನ್ನು ತಲೆಯಲ್ಲಿಟ್ಟುಕೊಂಡ ಒಬ್ಬ ಮನುಷ್ಯ. ನಮ್ಮ ಎಷ್ಟೋ ಕಚೇರಿಗಳಲ್ಲಿ ಇಂದಿಗೂ ಪರಿಸ್ಥಿತಿ ಇದೇ. ವ್ಯತ್ಯಾಸವೆಂದರೆ, ಇಲ್ಲಿ ಆ ಪಾಸ್‌ವರ್ಡ್ ಒಬ್ಬನ ತಲೆಯಲ್ಲಿರುವ ಬದಲು ಹತ್ತು ಜನರ ವಾಟ್ಸ್‌ಆ್ಯಪ್‌ನಲ್ಲಿರುತ್ತದೆ.

ಇಂಥ ಪಾಸ್‌ವರ್ಡ್‌ಗಳನ್ನು ಕಾಯುವ ತಂತ್ರಾಂಶಕ್ಕೆ ಪ್ರಿವಿಲೆಜ್ಡ್ ಆ್ಯಕ್ಸೆಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು; ಐಟಿ ಮಂದಿಯ ಬಾಯಲ್ಲಿ ಬರೀ ‘ಪ್ಯಾಮ್’. ಮಾಮೂಲಿ ನೌಕರನ ಲಾಗಿನ್ ಕಳುವಾದರೆ ಅವನ ಇಮೇಲ್ ಹೋಗುತ್ತದೆ. ಅಡ್ಮಿನ್ ಲಾಗಿನ್ ಕಳುವಾದರೆ ಕಂಪನಿಯೇ ಹೋಗುತ್ತದೆ. ವಿಂಡೋಸ್‌ನ ಅಡ್ಮಿನಿಸ್ಟ್ರೇಟರ್, ಲಿನಕ್ಸ್‌ನ ರೂಟ್, ಡೇಟಾಬೇಸ್ ನೋಡಿಕೊಳ್ಳುವವರ ಖಾತೆ, ಕ್ಲೌಡ್‌ನ ಮೂಲ ಖಾತೆ, ರೂಟರ್ ಮತ್ತು ಫೈರ್‌ವಾಲ್‌ಗಳ ಲಾಗಿನ್ ಎಲ್ಲ ಈ ಜಾತಿಗೆ ಸೇರಿದವು. ಬ್ಯಾಂಕಿನ ತಂತ್ರಾಂಶದಲ್ಲಿ ಒಬ್ಬ ಗುಮಾಸ್ತ ನಮೂದಿಸಿದ್ದನ್ನು ಇನ್ನೊಬ್ಬ ಅಧಿಕಾರಿ ಒಪ್ಪಬೇಕೆಂಬ ನಿಯಮ ಇರಬಹುದು. ಡೇಟಾಬೇಸಿನ ಒಳಗೇ ನೇರವಾಗಿ ಇಳಿದವನಿಗೆ ಆ ನಿಯಮ ಅಡ್ಡಬರುವುದಿಲ್ಲ. ಸಾಲನ್ನೇ ತಿದ್ದಿ, ತಿದ್ದಿದ ಗುರುತನ್ನೂ ಅಳಿಸಬಲ್ಲ.

ಪ್ಯಾಮ್ ಮಾಡುವ ಕೆಲಸ ಹೇಳಲು ಸುಲಭ. ಪಾಸ್‌ವರ್ಡ್‌ಗಳನ್ನೆಲ್ಲ ಗೂಢಲಿಪಿಯಲ್ಲಿ ಒಂದು ವಾಲ್ಟ್‌ನಲ್ಲಿ, ಅಂದರೆ ತಿಜೋರಿಯಲ್ಲಿ ಇಡುತ್ತದೆ. ಎಂಜಿನಿಯರ್‌ಗೆ ಸರ್ವರ್ ಮುಟ್ಟಬೇಕಾದರೆ ಪ್ಯಾಮ್‌ಗೆ ತನ್ನ ಹೆಸರಿನಲ್ಲಿ ಲಾಗಿನ್ ಆಗಿ, ಕಾರಣ ಬರೆದು, ಮೇಲಿನವರ ಒಪ್ಪಿಗೆ ಪಡೆಯಬೇಕು. ಆಗ ಪ್ಯಾಮ್ ತಾನೇ ಸರ್ವರ್‌ನ ಬಾಗಿಲು ತೆಗೆಯುತ್ತದೆ, ಪಾಸ್‌ವರ್ಡ್ ಅವನ ಕಣ್ಣಿಗೂ ಬೀಳುವುದಿಲ್ಲ. ಅವನು ಒತ್ತಿದ ಒಂದೊಂದು ಕೀಲಿಯೂ ವಿಡಿಯೊದಲ್ಲಿ ದಾಖಲಾಗುತ್ತದೆ. ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ತಾನಾಗಿ ಬದಲಾಗುತ್ತದೆ. ಹೊಸ ಪೀಳಿಗೆಯ ಪ್ಯಾಮ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಶ್ವತ ಅಡ್ಮಿನ್ ಎಂಬುದನ್ನೇ ತೆಗೆದುಹಾಕುತ್ತವೆ: ಬೇಕಾದಾಗ ಒಂದು ತಾಸಿನ ಅಧಿಕಾರ, ಆಮೇಲೆ ಅವನೂ ಎಲ್ಲರಂತೆ.

ಇಷ್ಟನ್ನು ಮಾರುಕಟ್ಟೆಯಲ್ಲಿರುವ ಎಲ್ಲ ದೊಡ್ಡ ಪ್ಯಾಮ್‌ಗಳೂ ಮಾಡುತ್ತವೆ. ಆದ್ದರಿಂದಲೇ ಮಾರಾಟಗಾರರು ಕೊಡುವ ಟಿಕ್ ಮಾರ್ಕಿನ ಪಟ್ಟಿಗಳಿಂದ ಏನೂ ತಿಳಿಯುವುದಿಲ್ಲ. ಯಾವ ತಿಜೋರಿ ಗಟ್ಟಿ ಎಂದು ಕೇಳುವುದಕ್ಕಿಂತ, ನಿಮ್ಮ ಕಚೇರಿಯಲ್ಲಿ ಅದನ್ನು ಇಟ್ಟ ಆರು ತಿಂಗಳ ಮೇಲೆ ಎಷ್ಟು ಕೀಲಿ, ಅಂದರೆ ಪಾಸ್‌ವರ್ಡ್, ಅದರ ಹೊರಗೇ ಉಳಿದಿರುತ್ತವೆ ಎಂದು ಕೇಳಬೇಕು. ಎಷ್ಟೋ ಕಂಪನಿಗಳು ಹಾಳಾದದ್ದು ಹೊರಗುಳಿದ ಕೀಲಿಗಳಿಂದ.

ಬೆಂಗಳೂರಿನಲ್ಲೇ ನಡೆದದ್ದನ್ನು ನೋಡಿ. ಕಿರಾಣಿ ಅಂಗಡಿಗಳನ್ನು ಒಎನ್‌ಡಿಸಿ ಎಂಬ ಮುಕ್ತ ಇ-ವಾಣಿಜ್ಯ ಜಾಲದ ಮೂಲಕ ಗ್ರಾಹಕರಿಗೆ ಜೋಡಿಸುವ ಕಿರಾಣಾಪ್ರೊ ಎಂಬ ನವೋದ್ಯಮದ ಸರ್ವರ್‌ಗಳು 2025ರ ಮೇ ತಿಂಗಳ ಕೊನೆಯಲ್ಲಿ ಅಳಿಸಿಹೋದವು. ಅಮೆಜಾನ್ ಕ್ಲೌಡ್‌ನ ಮೂಲ ಖಾತೆಯೇ ಬೇರೆಯವರ ಕೈಗೆ ಹೋಗಿತ್ತು. ಕೋಡ್ ಇಟ್ಟಿದ್ದ ಗಿಟ್‌ಹಬ್ ಕೂಡ. ಕೆಲಸ ಬಿಟ್ಟುಹೋದ ನೌಕರನೊಬ್ಬನ ಖಾತೆಯ ಮೂಲಕ ಇದು ನಡೆಯಿತೆಂದು ಸಂಸ್ಥೆಯವರೇ ಆಗ ಹೇಳಿದರು. ಇನ್ನೂ ಕೆಟ್ಟದ್ದೆಂದರೆ, ಯಾರು ಏನು ಮಾಡಿದರೆಂದು ನೋಡಲು ಬೇಕಾದ ಲಾಗ್ ಕೂಡ ಆ ಮೂಲ ಖಾತೆಯೊಳಗೇ ಇತ್ತು. ಎರಡು ತಿಂಗಳು ಕಳೆಯುವುದರೊಳಗೆ ಕ್ರಿಪ್ಟೊ ವಿನಿಮಯ ಕಂಪನಿ ಕಾಯಿನ್‌ಡಿಸಿಎಕ್ಸ್‌ನ ಸುಮಾರು 4.4 ಕೋಟಿ ಡಾಲರ್ ಹೋಯಿತು. ಗ್ರಾಹಕರ ಹಣಕ್ಕೆ ಏನೂ ಆಗಿಲ್ಲ, ಹೋದದ್ದು ಕಂಪನಿಯ ಸ್ವಂತ ಹಣ ಎಂಬ ಸಮಜಾಯಿಷಿ ಬಂತು. ತನಿಖೆ ನಡೆಸಿದ ಬೆಂಗಳೂರು ಪೊಲೀಸರು ನೌಕರನೊಬ್ಬನ ಕಚೇರಿ ಲ್ಯಾಪ್‌ಟಾಪ್‌ವರೆಗೆ ಬಂದು ನಿಂತರು. ಅವನ ಪಾತ್ರವೇನು ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಒಂದು ಲ್ಯಾಪ್‌ಟಾಪಿನಿಂದ ಅಷ್ಟು ದೂರ ಹೋಗಲು ದಾರಿ ಇತ್ತೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಈಗ ಅಂಗಡಿಗೆ ಬರೋಣ.

ಈ ವ್ಯಾಪಾರದ ಹಳೆಯ ಯಜಮಾನ ಇಸ್ರೇಲ್‌ನಲ್ಲಿ 1999ರಲ್ಲಿ ಹುಟ್ಟಿದ ಸೈಬರ್‌ಆರ್ಕ್. ದೊಡ್ಡ ಬ್ಯಾಂಕು, ವಿಮಾ ಕಂಪನಿ, ಬಹುರಾಷ್ಟ್ರೀಯ ಸಂಸ್ಥೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ತಿಜೋರಿಗೆ ಒಂದು ಪ್ರತ್ಯೇಕ ಸರ್ವರ್, ಪಾಸ್‌ವರ್ಡ್ ಬದಲಿಸುವುದಕ್ಕೆ ಒಂದು, ಬಳಸುವವರ ವೆಬ್ ಪುಟಕ್ಕೆ ಒಂದು, ಸೆಷನ್ ದಾಖಲೆಗೆ ಇನ್ನೊಂದು, ಹೀಗೆ ಬೇರೆ ಬೇರೆ ಭಾಗಗಳನ್ನು ಜೋಡಿಸಿ ಕಟ್ಟಿದ ವ್ಯವಸ್ಥೆ. ಮೇನ್‌ಫ್ರೇಮ್‌ನಿಂದ ಹಿಡಿದು ಕ್ಲೌಡ್‌ವರೆಗೆ ಇದು ತಲುಪದ ಜಾಗ ಕಡಿಮೆ. ಅದರ ಬೆಲೆ ಲೈಸೆನ್ಸಿನಲ್ಲಿ ಮುಗಿಯುವುದಿಲ್ಲ. ಬೆಂಗಳೂರಿನ ಉದ್ಯೋಗ ಜಾಹೀರಾತುಗಳಲ್ಲಿ ‘ಸೈಬರ್‌ಆರ್ಕ್ ಅಡ್ಮಿನ್’ ಎಂಬುದೇ ಒಂದು ಹುದ್ದೆ. ಒಂದು ತಂತ್ರಾಂಶದ ಹೆಸರಿನಲ್ಲಿ ಹುದ್ದೆ ಹುಟ್ಟಿದೆಯೆಂದರೆ, ಆ ಹುದ್ದೆಯ ಸಂಬಳವನ್ನೂ ತಂತ್ರಾಂಶದ ಬೆಲೆಗೆ ಕೂಡಿಸಿಕೊಳ್ಳಬೇಕು. ಅಂಥ ಇಬ್ಬರನ್ನು ಇಟ್ಟುಕೊಳ್ಳಲಾರದ ಕಂಪನಿ ಇದನ್ನು ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. 2025ರ ಜುಲೈನಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಈ ಕಂಪನಿಯನ್ನು ಸುಮಾರು 2,500 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು.

ಬಿಯಾಂಡ್‌ಟ್ರಸ್ಟ್‌ನದು ಇನ್ನೊಂದು ವಂಶವೃಕ್ಷ. ದೂರದಿಂದ ಕಂಪ್ಯೂಟರ್ ರಿಪೇರಿ ಮಾಡುವ ತಂತ್ರಾಂಶ ಮಾರುತ್ತಿದ್ದ ಬೋಮ್ಗಾರ್ 2018ರಲ್ಲಿ ಸಾಲಾಗಿ ಮೂರು ಕಂಪನಿಗಳನ್ನು ಕೊಂಡು, ಅವುಗಳಲ್ಲಿ ಒಂದರ ಹೆಸರನ್ನೇ ತಾನು ಇಟ್ಟುಕೊಂಡಿತು. ಹಾಗಾಗಿ ಹೊರಗಿನವರಿಗೆ, ಅಂದರೆ ಎಸಿ ರಿಪೇರಿಯ ಕಂಪನಿಯಿಂದ ಹಿಡಿದು ಇಆರ್‌ಪಿ ಸಲಹೆಗಾರನವರೆಗೆ, ವಿಪಿಎನ್ ಕೊಡದೆ ಬೇಕಾದಷ್ಟು ಮಾತ್ರ ಒಳಗೆ ಬಿಡುವುದರಲ್ಲಿ ಇದರ ಕೈ ಪಳಗಿದೆ. ನೌಕರರ ಲ್ಯಾಪ್‌ಟಾಪ್‌ಗಳಿಂದ ಅಡ್ಮಿನ್ ಅಧಿಕಾರ ಕಿತ್ತುಕೊಂಡು, ಬೇಕಾದ ಪ್ರೋಗ್ರಾಂಗಷ್ಟೇ ಆ ಅಧಿಕಾರ ಕೊಡುವ ಸಾಧನವೂ ಇವರಲ್ಲಿದೆ. ಹೊರಗಿನ ಗುತ್ತಿಗೆದಾರರನ್ನು ನೆಚ್ಚಿ ನಡೆಯುವ ಕಾರ್ಖಾನೆಗಳಿಗೆ ಒಪ್ಪುವ ಸರಕು. ಥೈಕೋಟಿಕ್ ಮತ್ತು ಸೆಂಟ್ರಿಫೈ 2021ರಲ್ಲಿ ಒಂದಾಗಿ ಮರುವರ್ಷ ಡಿಲೀನಿಯಾ ಎಂದು ಹೆಸರು ಬದಲಿಸಿಕೊಂಡವು. ಇವರ ಸೀಕ್ರೆಟ್ ಸರ್ವರ್ ಸ್ಥಾಪಿಸುವುದು, ಕಲಿಯುವುದು ಸೈಬರ್‌ಆರ್ಕ್‌ಗಿಂತ ಸಲೀಸು. ಮಧ್ಯಮ ಗಾತ್ರದ ಕಂಪನಿಗಳು ಇದಕ್ಕೆ ಒಲಿಯುವುದು ಅದಕ್ಕೇ.

ಕಂಪನಿಗಳು ಹೀಗೆ ಕೈ ಬದಲಾಯಿಸುವುದು ಷೇರುಪೇಟೆಯ ಸುದ್ದಿ ಮಾತ್ರವಲ್ಲ. ಪ್ಯಾಮ್ ಎಂದರೆ ನಾಳೆ ಬೇಡವೆಂದರೆ ತೆಗೆದು ಬೇರೆ ಹಾಕುವ ಸರಕಲ್ಲ. ಸಾವಿರಾರು ಪಾಸ್‌ವರ್ಡ್ ಒಮ್ಮೆ ಒಳಗೆ ಹೋದ ಮೇಲೆ ಹೊರಗೆ ತರುವುದು ಒಂದು ವರ್ಷದ ಯೋಜನೆ. ಹೊಸ ಯಜಮಾನ ಬಂದು ಲೈಸೆನ್ಸಿನ ಲೆಕ್ಕವನ್ನು ಬದಲಿಸಿದರೆ ನೀವು ಮಾಡುವುದೇನೂ ಇರುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಬಿಟ್ಟುಹೋಗುವಾಗ ಡೇಟಾ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬ ಒಂದು ಕಲಮು ಬರೆಸಿಕೊಳ್ಳಿ.

ನಮ್ಮ ನೆರೆಯ ಚೆನ್ನೈನ ಜೊಹೊ ಕಂಪನಿಯ ಮ್ಯಾನೇಜ್‌ಎಂಜಿನ್ ವಿಭಾಗದ ಪ್ಯಾಮ್360 ಬೆಲೆಯ ವಿಷಯದಲ್ಲಿ ಬೇರೆಯದೇ ಮಾತಾಡುತ್ತದೆ. ಎಷ್ಟು ಸರ್ವರ್ ಎಂದು ಎಣಿಸದೆ ಎಷ್ಟು ಅಡ್ಮಿನ್‌ಗಳು ಎಂದು ಎಣಿಸುತ್ತದೆ. ಐಟಿ ವಿಭಾಗದಲ್ಲಿ ಐದಾರು ಜನರಿರುವ, ಆದರೆ ಇನ್ನೂರು ಸರ್ವರ್ ಇರುವ ಕಂಪನಿಗೆ ಇದು ಉಳಿತಾಯ. ಮುಂಬೈನ ಆರ್ಕಾನ್ ಭಾರತೀಯ ಬ್ಯಾಂಕುಗಳ ನಡುವೆಯೇ ಬೆಳೆದದ್ದು, ಸೆಕ್ಟೋನಾ ಕೂಡ ಅದೇ ಊರಿನದು. ರಿಸರ್ವ್ ಬ್ಯಾಂಕಿನ ತಪಾಸಣಾಧಿಕಾರಿ ಏನು ಕೇಳುತ್ತಾನೆಂದು ಇಲ್ಲಿನ ಕಂಪನಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ತೊಂದರೆಯಾದಾಗ ಎಂಜಿನಿಯರ್ ರೈಲು ಹತ್ತಿ ಬರಬಲ್ಲ. ಇದನ್ನು ಸಣ್ಣ ಸಂಗತಿ ಎನ್ನುವವರು ದೂರಿನ ಟಿಕೆಟ್ ಹಾಕಿ ಅಮೆರಿಕದ ಬೆಳಗಿಗಾಗಿ ಕಾದು ಕೂತವರಲ್ಲ.

ಇದೆಲ್ಲ ಮನುಷ್ಯರ ಲಾಗಿನ್ ಕಾಯುವವರ ಮಾತಾಯಿತು. ತಂತ್ರಾಂಶಗಳೇ ಒಂದನ್ನೊಂದು ಮಾತಾಡಿಸುವಾಗ ಬಳಸುವ ಪಾಸ್‌ವರ್ಡ್‌ಗಳ ಲೋಕವೇ ಬೇರೆ. ಅಲ್ಲಿ ಹ್ಯಾಶಿಕಾರ್ಪ್‌ನ ವಾಲ್ಟ್ ಜನಪ್ರಿಯ. ಒಂದು ಪ್ರೋಗ್ರಾಂ ಡೇಟಾಬೇಸ್ ಬೇಕೆಂದಾಗ ಆ ಕ್ಷಣಕ್ಕೊಂದು ಹೊಸ ಖಾತೆ ಹುಟ್ಟಿಸಿ, ಗಂಟೆಯ ನಂತರ ಅಳಿಸಿಹಾಕುತ್ತದೆ. ಕದಿಯಲು ಏನೂ ಉಳಿಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಆ ಕಂಪನಿ ಮುಕ್ತ ಲೈಸೆನ್ಸ್ ಕೈಬಿಟ್ಟಾಗ ಸಿಟ್ಟಾದವರು ಓಪನ್‌ಬಾವೊ ಎಂಬ ಕವಲನ್ನು ಹುಟ್ಟುಹಾಕಿದರು. ಹ್ಯಾಶಿಕಾರ್ಪ್ ಈಗ ಐಬಿಎಂನ ಸ್ವತ್ತು. ಎಲ್ಲವೂ ಕ್ಲೌಡ್‌ನಲ್ಲೇ ಇರುವ, ಕೋಡ್ ಬರೆಯುವವರೇ ತುಂಬಿರುವ ಕೋರಮಂಗಲದ ಕಂಪನಿಗೆ ದೊಡ್ಡ ಪ್ಯಾಮ್‌ಗಿಂತ ಇದೇ ಹೊಂದುತ್ತದೆ.

ಸೇಲ್ಸ್‌ನವರು ಹೇಳದ ಒಂದು ವಿಷಯವಿದೆ: ತಿಜೋರಿಗೂ ಕನ್ನ ಬೀಳುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಗೆ ನುಗ್ಗಿದವನು ಮೊದಲು ಗುತ್ತಿಗೆ ನೌಕರನೊಬ್ಬನ ಪಾಸ್‌ವರ್ಡ್ ಹಿಡಿದ. ಎರಡನೇ ಹಂತದ ಖಾತ್ರಿಗಾಗಿ ಫೋನಿಗೆ ಬರುವ ‘ಒಪ್ಪಿಗೆಯೇ?’ ಎಂಬ ಸಂದೇಶವನ್ನು ಮತ್ತೆ ಮತ್ತೆ ಕಳಿಸಿ ಕಾಡಿದ. ಬೇಸತ್ತ ನೌಕರ ಕೊನೆಗೊಮ್ಮೆ ಹೌದು ಒತ್ತಿದ. ಮುಂದಿನದು ದಾಳಿಕೋರನೇ ಹಂಚಿಕೊಂಡ ಸಂದೇಶ, ಸ್ಕ್ರೀನ್‌ಶಾಟ್‌ಗಳ ಪ್ರಕಾರ ಹೀಗಿದೆ: ಒಳಜಾಲದಲ್ಲಿ ಎಲ್ಲರಿಗೂ ತೆರೆದಿದ್ದ ಒಂದು ಫೋಲ್ಡರ್‌ನಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್‌ಗಳಿದ್ದವು. ಅವುಗಳಲ್ಲೊಂದರಲ್ಲಿ ಊಬರ್‌ನ ಪ್ಯಾಮ್ ಆಗಿದ್ದ ಥೈಕೋಟಿಕ್‌ನ ಅಡ್ಮಿನ್ ಹೆಸರು ಮತ್ತು ಪಾಸ್‌ವರ್ಡ್ ಹಾಗೇ ಬರೆದಿಟ್ಟಿತ್ತು. ಅಲ್ಲಿಂದಾಚೆಗೆ ಅವನಿಗೆ ಅಮೆಜಾನ್ ಕ್ಲೌಡ್, ಗೂಗಲ್ ಖಾತೆಗಳು ಎಲ್ಲದಕ್ಕೂ ದಾರಿ ತೆರೆಯಿತು. ಇಲ್ಲಿ ಥೈಕೋಟಿಕ್‌ನ ತಪ್ಪೇನೂ ಕಾಣುವುದಿಲ್ಲ. ದುಬಾರಿ ತಂತ್ರಾಂಶ ಕೊಂಡು, ಯಾವುದೋ ಕೆಲಸ ತಾನಾಗಿ ನಡೆಯಲೆಂದು ಅದರ ಕೀಲಿಯನ್ನು ಒಂದು ಸಾಲಿನಲ್ಲಿ ಬರೆದಿಟ್ಟ ಅನಾಮಿಕ ಎಂಜಿನಿಯರ್ ಪ್ರತಿ ಕಚೇರಿಯಲ್ಲೂ ಇದ್ದಾನೆ. ಸೋಮಾರಿಯೇನಲ್ಲ ಅವನು, ಹೆಚ್ಚಾಗಿ ಶುಕ್ರವಾರ ಸಂಜೆ ಮನೆಗೆ ಹೋಗಬೇಕಾಗಿದ್ದವನು.

2024ರ ಡಿಸೆಂಬರ್‌ನಲ್ಲಿ ನಡೆದದ್ದು ಬೇರೆ ಬಗೆ. ಬಿಯಾಂಡ್‌ಟ್ರಸ್ಟ್‌ನ ರಿಮೋಟ್ ಸಪೋರ್ಟ್ ಸೇವೆಯ ಒಂದು ಕೀಲಿಯನ್ನೇ ಕದ್ದವರು ಅಮೆರಿಕದ ಖಜಾನೆ ಇಲಾಖೆಯ ಕಂಪ್ಯೂಟರ್‌ಗಳಿಗೆ ಹೊಕ್ಕರು. ಚೀನಾ ಸರ್ಕಾರದ ಬೆಂಬಲವಿರುವ ಗುಂಪು ಇದೆಂದು ಇಲಾಖೆ ಸಂಸತ್ತಿಗೆ ಪತ್ರ ಬರೆಯಿತು, ಚೀನಾ ನಿರಾಕರಿಸಿತು. ಹಾಗೆಂದು ಬಿಯಾಂಡ್‌ಟ್ರಸ್ಟ್ ದಡ್ಡ ಕಂಪನಿ ಅನ್ನುವಂತಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2023ರ ಅಕ್ಟೋಬರ್‌ನಲ್ಲಿ, ಲಾಗಿನ್ ಸೇವೆ ಕೊಡುವ ಆಕ್ಟಾ ಕಂಪನಿಗೆ ‘ನಿಮ್ಮ ಮನೆಗೆ ಕಳ್ಳ ನುಗ್ಗಿದ್ದಾನೆ’ ಎಂದು ಮೊದಲೇ ಎಚ್ಚರಿಸಿದ್ದವರಲ್ಲಿ ಇವರೂ ಇದ್ದರು. ಪ್ಯಾಮ್360 ಮತ್ತು ಅದರ ಅಣ್ಣ ಪಾಸ್‌ವರ್ಡ್ ಮ್ಯಾನೇಜರ್ ಪ್ರೊ ಎರಡರಲ್ಲೂ 2022ರಲ್ಲಿ ಗಂಭೀರ ದೋಷ ಸಿಕ್ಕಿತ್ತು. ತೇಪೆ ಬಂದಿದ್ದರೂ ಹಾಕಿಕೊಳ್ಳದವರಿದ್ದರು. ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೈಬರ್ ರಕ್ಷಣಾ ಸಂಸ್ಥೆ ಸಿಸಾ ಅದನ್ನು ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. 2025ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ವಾಲ್ಟ್ ಮತ್ತು ಸೈಬರ್‌ಆರ್ಕ್‌ನ ಅಂಥದ್ದೇ ತಂತ್ರಾಂಶ ಕಾಂಜರ್ ಎರಡರ ದೋಷಗಳನ್ನೂ ಸಂಶೋಧಕರು ಒಟ್ಟಿಗೇ ಬಯಲಿಗಿಟ್ಟರು. ಕಲೆಯಿಲ್ಲದವರು ಯಾರೂ ಇಲ್ಲ. ಆದ್ದರಿಂದ ಮಾರುವವರನ್ನು ‘ನಿಮ್ಮಲ್ಲಿ ದೋಷ ಸಿಕ್ಕಿದೆಯೇ’ ಎಂದು ಕೇಳಿ ಫಲವಿಲ್ಲ. ಸಿಕ್ಕಾಗ ಗ್ರಾಹಕರಿಗೆ ಎಷ್ಟು ದಿನದಲ್ಲಿ ತಿಳಿಸಿದಿರಿ, ತೇಪೆ ಹಾಕುವಾಗ ತಿಜೋರಿ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಕೇಳಬೇಕು.

ಹೋಲಿಕೆಯ ನಿಜವಾದ ಪರೀಕ್ಷೆ ಇರುವುದು ಸರ್ವಿಸ್ ಅಕೌಂಟ್‌ಗಳಲ್ಲಿ. ರಾತ್ರಿ ಬ್ಯಾಕಪ್ ತೆಗೆಯುವುದು, ತಿಂಗಳ ಕೊನೆಗೆ ಸಂಬಳದ ಫೈಲ್ ಬ್ಯಾಂಕಿಗೆ ಕಳಿಸುವುದು, ಟ್ಯಾಲಿಯಿಂದ ಡೇಟಾ ಎಳೆಯುವುದು ಇಂಥ ಕೆಲಸಗಳಿಗೆ ಯಾವತ್ತೋ ಯಾರೋ ಒಂದು ಖಾತೆ ಮಾಡಿರುತ್ತಾರೆ. ಪಾಸ್‌ವರ್ಡ್ ಎಂದೂ ಬದಲಾಗದಂತೆ ಇಟ್ಟಿರುತ್ತಾರೆ. ಕೆಲಸ ನಿಲ್ಲಬಾರದೆಂದು ಪೂರ್ತಿ ಅಡ್ಮಿನ್ ಅಧಿಕಾರವನ್ನೂ ಕೊಟ್ಟಿರುತ್ತಾರೆ. ಮಾಡಿದವರು ಕೆಲಸ ಬಿಟ್ಟು ವರ್ಷಗಳಾಗಿರುತ್ತವೆ. ಮನುಷ್ಯರ ಖಾತೆಗಳಿಗಿಂತ ಇವೇ ಹೆಚ್ಚಿರುವ ಕಚೇರಿಗಳು ಬೇಕಾದಷ್ಟಿವೆ. ಪ್ಯಾಮ್ ತಂದವರು ಉತ್ಸಾಹದಿಂದ ಇಂಥ ಒಂದು ಖಾತೆಯ ಪಾಸ್‌ವರ್ಡ್ ಬದಲಾಯಿಸುತ್ತಾರೆ. ಅದೇ ಪಾಸ್‌ವರ್ಡ್ ಇನ್ನೂ ನಾಲ್ಕು ಕಡೆ ಬರೆದಿಟ್ಟಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಪಾಸ್‌ವರ್ಡ್‌ನಿಂದ ತಟ್ಟಿ ತಟ್ಟಿ ಖಾತೆ ಲಾಕ್ ಆಗುತ್ತದೆ, ಸಂಬಳದ ಫೈಲ್ ಹೋಗುವುದಿಲ್ಲ. ಆಡಳಿತ ಮಂಡಳಿಯಿಂದ ಫೋನ್ ಬರುತ್ತದೆ. ಅಂದಿನಿಂದ ಸರ್ವಿಸ್ ಅಕೌಂಟ್‌ಗಳನ್ನು ‘ಎರಡನೇ ಹಂತ’ಕ್ಕೆ ತಳ್ಳಲಾಗುತ್ತದೆ. ಆ ಎರಡನೇ ಹಂತ ಬರುವುದೇ ಇಲ್ಲ, ಆದರೆ ಲೈಸೆನ್ಸಿನ ನವೀಕರಣ ಮಾತ್ರ ಪ್ರತಿ ವರ್ಷ ತಪ್ಪದೆ ಬರುತ್ತದೆ.

ಆದ್ದರಿಂದ ಮಾರಾಟಗಾರರ ಸಿದ್ಧ ಡೆಮೊ ನೋಡಿ ಬೆರಗಾಗಬೇಡಿ. ಅವರ ಪ್ರಯೋಗಾಲಯದಲ್ಲಿ ಎಲ್ಲ ಪ್ಯಾಮ್‌ಗಳೂ ಸೊಗಸಾಗಿ ಕೆಲಸ ಮಾಡುತ್ತವೆ. ನಿಮ್ಮದೇ ಕಚೇರಿಯ, ನಿಮಗೇ ಭಯ ಹುಟ್ಟಿಸುವ ಒಂದು ಹಳೆಯ ಸರ್ವಿಸ್ ಅಕೌಂಟ್ ಕೊಟ್ಟು, ಇದು ಎಲ್ಲೆಲ್ಲಿ ಬಳಕೆಯಾಗುತ್ತಿದೆ ಎಂದು ಮೊದಲು ಹುಡುಕಿ ತೋರಿಸಿ, ಆಮೇಲೆ ಏನೂ ನಿಲ್ಲದಂತೆ ಪಾಸ್‌ವರ್ಡ್ ಬದಲಿಸಿ ಎನ್ನಿ. ಸ್ಪರ್ಧೆಯಲ್ಲಿರುವ ಅರ್ಧಕ್ಕರ್ಧ ಜನರ ಉತ್ಸಾಹ ಅಲ್ಲೇ ಇಳಿಯುತ್ತದೆ.

ಇನ್ನೊಂದು ಪರೀಕ್ಷೆ ರಾತ್ರಿ ಎರಡು ಗಂಟೆಯದು. ಪ್ಯಾಮ್ ಸರ್ವರೇ ಕೆಟ್ಟು ನಿಂತಿದೆ, ಕೋರ್ ಬ್ಯಾಂಕಿಂಗ್ ಕೂಡ ನಿಂತಿದೆ, ಅದನ್ನು ಎಬ್ಬಿಸುವ ಪಾಸ್‌ವರ್ಡ್ ಪ್ಯಾಮ್‌ನ ಒಳಗಿದೆ. ಆಗೇನು? ಮೊಹರು ಮಾಡಿದ ಲಕೋಟೆಯಲ್ಲಿ, ಇಬ್ಬರ ಸಹಿಯಿದ್ದರೆ ಮಾತ್ರ ತೆರೆಯುವ ತುರ್ತು ಪಾಸ್‌ವರ್ಡ್ ಇಡುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ. ಆದರೆ ಆ ಲಕೋಟೆಯನ್ನು ವರ್ಷಕ್ಕೊಮ್ಮೆಯಾದರೂ ಒಡೆದು, ಪಾಸ್‌ವರ್ಡ್ ಕೆಲಸ ಮಾಡುತ್ತದೆಯೇ ಎಂದು ನೋಡಿದ್ದೀರಾ? ಸೆಷನ್ ವಿಡಿಯೊಗಳದ್ದೂ ಇದೇ ಪಾಡು. ದಾಖಲಾಗುತ್ತವೆ, ಡಿಸ್ಕ್ ತುಂಬುತ್ತವೆ, ಆಡಿಟರ್‌ಗೆ ತೋರಿಸಲಾಗುತ್ತದೆ. ಕೂತು ನೋಡುವವರು ಮಾತ್ರ ಯಾರೂ ಇಲ್ಲ. ಹಾಗೆಯೇ ಸರ್ವರ್‌ಗಳಿಗೆ ಪ್ಯಾಮ್ ದಾಟದೆ ನೇರವಾಗಿ ಹೋಗುವ ದಾರಿಯನ್ನು ಫೈರ್‌ವಾಲ್‌ನಲ್ಲಿ ಮುಚ್ಚಿರಬೇಕು. ಮುಂಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿ ಹಿತ್ತಿಲ ಬಾಗಿಲು ತೆರೆದಿಟ್ಟಿರುವ ಕಚೇರಿಗಳೇ ಹೆಚ್ಚು.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ಐಟಿ ಆಡಳಿತ ನಿರ್ದೇಶನ, ಮುಖ್ಯ ವ್ಯವಸ್ಥೆಗಳ ಅಡ್ಮಿನ್‌ಗಳಿಗೆ ಎರಡು ಹಂತದ ಖಾತ್ರಿ ಬೇಕು, ಅವರ ಚಟುವಟಿಕೆಯ ದಾಖಲೆಯಿರಬೇಕು, ಅದನ್ನು ಆಗಾಗ ಪರಿಶೀಲಿಸಬೇಕು ಎನ್ನುತ್ತದೆ. ಪಟ್ಟಣ ಸಹಕಾರ ಬ್ಯಾಂಕುಗಳಿಗೆ 2019ರ ಡಿಸೆಂಬರ್‌ನ ಚೌಕಟ್ಟು ಇದೆ. ಬ್ಯಾಂಕಿನ ಡಿಜಿಟಲ್ ವ್ಯವಹಾರದ ಮಟ್ಟ ನೋಡಿ ನಾಲ್ಕು ದರ್ಜೆ ಮಾಡಿದ್ದಾರೆ. ಸೈಬರ್ ಅವಘಡವನ್ನು ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂಬುದು ಕೇಂದ್ರದ ಸೈಬರ್ ತುರ್ತು ತಂಡ ಸರ್ಟ್-ಇನ್‌ನ 2022ರ ಆದೇಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಈ ಪೈಕಿ ಯಾವುದೂ ಇಂಥದ್ದೇ ತಂತ್ರಾಂಶ ಕೊಳ್ಳಿ ಎನ್ನುವುದಿಲ್ಲ. ‘ಆರ್‌ಬಿಐಗೆ ಇದೇ ಬೇಕು’ ಎಂದು ಹೇಳಿ ಮಾರುವವನನ್ನು ಯಾವ ಕಲಮು ಎಂದು ಕೇಳಿ ನೋಡಿ.

ನನ್ನ ತೀರ್ಪು ಇಷ್ಟು. ಐವತ್ತು ಜನರ ಕಚೇರಿ, ಹುಬ್ಬಳ್ಳಿಯ ಬಿಡಿಭಾಗದ ಕಾರ್ಖಾನೆ, ಎರಡು ಶಾಖೆಯ ಸೊಸೈಟಿ ಇಂಥವರಿಗೆ ಈಗಲೇ ಪ್ಯಾಮ್ ಬೇಡ. ವಿಂಡೋಸ್‌ನಲ್ಲೇ ಬರುವ ಲ್ಯಾಪ್ಸ್ ಎಂಬ ಸೌಲಭ್ಯ ಪ್ರತಿ ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನು ಬೇರೆ ಬೇರೆ ಮಾಡಿ, ಆಗಾಗ ಬದಲಿಸುತ್ತಿರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ. ಜೊತೆಗೆ ಒಂದು ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್, ಅಡ್ಮಿನ್‌ಗಳಿಗೆ ಎರಡು ಹಂತದ ಖಾತ್ರಿ ಇದ್ದರೆ ಅರ್ಧ ಅಪಾಯ ಕಳೆಯಿತು. ನೂರಾರು ಸರ್ವರ್, ಕೈಬೆರಳೆಣಿಕೆಯ ಐಟಿ ಸಿಬ್ಬಂದಿ ಇರುವವರು ಪ್ಯಾಮ್360 ಅಥವಾ ಸೀಕ್ರೆಟ್ ಸರ್ವರ್ ನೋಡಲಿ. ತಪಾಸಣೆಗೆ ಒಳಪಡುವ ಮಧ್ಯಮ ಬ್ಯಾಂಕು, ಎನ್‌ಬಿಎಫ್‌ಸಿಗಳು ಮುಂಬೈನ ಕಂಪನಿಗಳನ್ನು ಬಿಟ್ಟು ಹೊರದೇಶದ ಕಡೆ ನೋಡಲು ಬಲವಾದ ಕಾರಣವಿರಬೇಕು. ಸೈಬರ್‌ಆರ್ಕ್ ಅದನ್ನು ಸಾಕಬಲ್ಲವರಿಗೆ ಮಾತ್ರ.

ಮೊದಲ ಡೆಮೊಗೆ ದಿನಾಂಕ ಕೊಡುವ ಮುನ್ನ ಒಂದು ಕೆಲಸ ಮಾಡಿ. ಎಚ್‌ಆರ್ ವಿಭಾಗದಿಂದ ಕಳೆದ ಎರಡು ವರ್ಷದಲ್ಲಿ ಕೆಲಸ ಬಿಟ್ಟವರ ಪಟ್ಟಿ ತರಿಸಿ, ಗುತ್ತಿಗೆಯವರನ್ನೂ ಸೇರಿಸಿ. ಅದನ್ನು ಸರ್ವರ್, ಕ್ಲೌಡ್, ಗಿಟ್‌ಹಬ್‌ನ ಅಡ್ಮಿನ್ ಖಾತೆಗಳ ಜೊತೆ ತಾಳೆ ನೋಡಿ. ಎರಡೂ ಪಟ್ಟಿಯಲ್ಲಿರುವವರ ಖಾತೆಗಳನ್ನು ಅಂದೇ ಸಂಜೆಯೊಳಗೆ ಮುಚ್ಚಿಸಿ. ಇದಕ್ಕೆ ಯಾವ ಟೆಂಡರೂ ಬೇಕಿಲ್ಲ.